ರುಕ್ಕು ಅಂಟಿಸಿಕೊಳ್ಳದ ಪ್ಯಾಚ್

ದುಬೈಗೆ ಹೋಗಿಬಂದೆ ಅಂದ ತಕ್ಷಣ ಎಲ್ಲರೂ ಕೇಳುವುದು ಆ ಮುಗಿಲೆತ್ತರದ ಕಟ್ಟಡದ ವಿಷಯ. ನಾನು ಅದನ್ನು ನೋಡಿದ್ದು ಅಳಿಯನ ಕಾರಿನ ಕಿಟಕಿಯಿಂದ, ಅದೂ ಸೊಂಟದವರೆಗೆ ಮಾತ್ರ. ಕತ್ತು ಬಗ್ಗಿಸಿ ತುದಿ ನೋಡೋಣ ಅನ್ನುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಆ ದೇಶದಲ್ಲಿ ನಾನು ಸಾವಕಾಶವಾಗಿ, ಕಣ್ತುಂಬ ನೋಡಿದ್ದು ಅಂದರೆ ಕಸ್ಟಮ್ಸ್‌ನವರ ಒಂದು ಕೋಣೆ. ಅದರ ಗೋಡೆ, ಅದರ ಕುರ್ಚಿ, ಮೇಜಿನ ಮೇಲಿದ್ದ ಖರ್ಜೂರದ ತಟ್ಟೆ ಎಲ್ಲ ಈಗಲೂ ಬರೆದು ತೋರಿಸಬಲ್ಲೆ. ಹಾಗಾಗಿ ಇಲ್ಲಿ ಕಟ್ಟಡಗಳ ವರ್ಣನೆ ಕಮ್ಮಿ, ಬೇಜಾರು ಮಾಡಿಕೊಳ್ಳಬೇಡಿ.

ಸಮುದ್ರದ ಮೇಲೆ

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಸರ್ವಿಸ್ ಪೂರ್ತಿ ಸೀಟಿ ಊದಿ, ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ, ಗಂಟಲು ಹರಿದುಕೊಂಡು ರಿಟೈರ್ ಆದವನು. ಅಂಥವನನ್ನು ವಿಮಾನದ ನಡುಸೀಟಿನಲ್ಲಿ ಕಾಲು ಮಡಚಿ ಕೂರಿಸಿದರೆ ಹೇಗಾಗಬೇಡ? ಎಡಕ್ಕೆ ಕಿಟಕಿಯನ್ನೂ ಮುಚ್ಚಿ ಬಾಯಿ ತೆರೆದು ಮಲಗಿದ ಹುಡುಗಿ. ಬಲಕ್ಕೆ ಹಮೀದ್ ಸಾಹೇಬರು. ಉಳ್ಳಾಲದ ಬ್ಯಾರಿಗಳು, ದುಬೈಯ ದೇರಾ ಪೇಟೆಯಲ್ಲಿ ಮಸಾಲೆ ಸಾಮಾನಿನ ಅಂಗಡಿ, ಬೆಂಗಳೂರಿನಲ್ಲಿ ಓದುವ ಮಗಳನ್ನು ನೋಡಿಕೊಂಡು ವಾಪಸು ಹೊರಟಿದ್ದರು. ಇಷ್ಟೆಲ್ಲ ವಿಮಾನ ಮೇಲೇಳುವ ಮೊದಲೇ ಹೇಳಿಯಾಗಿತ್ತು.

ಪಾಸ್‌ಪೋರ್ಟ್ ಮಾಡಿಸಿದ್ದು ನಾನು ಮತ್ತು ನನ್ನ ಹೆಂಡತಿ ರುಕ್ಮಿಣಿ ಒಟ್ಟಿಗೆ. ಅಬುಧಾಬಿಯಲ್ಲಿರುವ ಮಗಳು ಶಾಲಿನಿಯ ಬಾಣಂತನಕ್ಕೆ ಹೋಗುವುದು ಅಂತ. ಅಷ್ಟರಲ್ಲಿ ರುಕ್ಕುವಿಗೆ ಹೊಟ್ಟೆಯ ಕ್ಯಾನ್ಸರ್ ಅಂದರು. ಅವಳ ಪಾಸ್‌ಪೋರ್ಟಿಗೆ ಒಂದು ಮುದ್ರೆಯೂ ಬೀಳಲಿಲ್ಲ. ಅವಳು ಹೋಗಿ ವರ್ಷ ದಾಟಿದ ಮೇಲೆ ಈಗ ನಾನೊಬ್ಬನೇ ಹೊರಟಿದ್ದೆ. ಪೂರ್ತಿ ಒಬ್ಬನೇ ಅಂತಲೂ ಅಲ್ಲ. ಅವಳು ಆಸ್ಪತ್ರೆಗೆ ಓಡಾಡುವಾಗ ಹಿಡಿದುಕೊಳ್ಳುತ್ತಿದ್ದ ಕಸೂತಿಯ ಜಿಪ್ ಚೀಲ ನನ್ನ ತೊಡೆಯ ಮೇಲಿತ್ತು. ಒಳಗೆ ಅವಳ ಬಾಚಣಿಗೆ, ಕುಂಕುಮದ ಭರಣಿ, ಅರ್ಧ ಮುಗಿದ ಮುಲಾಮು. ನಾನು ಅದನ್ನು ಖಾಲಿ ಮಾಡಿರಲಿಲ್ಲ, ಮಾಡಲು ಕೈ ಬಂದಿರಲಿಲ್ಲ. ನನ್ನ ಕನ್ನಡಕ, ಪಾಸ್‌ಪೋರ್ಟು, ಬಿ.ಪಿ. ಮಾತ್ರೆ ಎಲ್ಲವನ್ನೂ ಅದರಲ್ಲೇ ತುರುಕಿಕೊಂಡು ಬಂದಿದ್ದೆ. ಜಿಪ್ ಎಳೆದರೆ ಅವಳ ತಲೆಯೆಣ್ಣೆಯ ವಾಸನೆ ಬರುತ್ತಿತ್ತು.

ಕನ್ನಡಕಕ್ಕೆಂದು ಚೀಲದ ಒಳಜೇಬಿಗೆ ಕೈ ಹಾಕಿದಾಗ ಚಪ್ಪಟೆ ಪೊಟ್ಟಣವೊಂದು ಬೆರಳಿಗೆ ಸಿಕ್ಕಿತು. ರುಕ್ಕುವಿನ ನೋವಿನ ಪ್ಯಾಚ್. ಎದೆಗೋ ತೋಳಿಗೋ ಅಂಟಿಸಿದರೆ ಚರ್ಮದ ಮೂಲಕವೇ ಔಷಧ ಒಳಗಿಳಿದು ನೋವು ತಗ್ಗಿಸುತ್ತದಲ್ಲ, ಅದು. ಪೊಟ್ಟಣ ಒಡೆದಿರಲಿಲ್ಲ. ಅವಳು ಹೋದ ಮೇಲೆ ಉಳಿದ ಪ್ಯಾಚುಗಳನ್ನು ಆಸ್ಪತ್ರೆಯವರು ವಾಪಸು ತೆಗೆದುಕೊಂಡಿದ್ದರು. ಒಂದು ಮಾತ್ರ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಉಳಿದ ಮಾತ್ರೆಯನ್ನು ಬಿಸಾಡುವ ಪದ್ಧತಿ ನಮ್ಮ ಮನೆಗಳಲ್ಲಿ ಎಲ್ಲಿದೆ ಹೇಳಿ? ನಾಳೆ ಬೇಕಾದೀತು ಅಂತ ಎಲ್ಲೋ ಎತ್ತಿಡುತ್ತೇವೆ. ರುಕ್ಕುವೂ ಎತ್ತಿಟ್ಟಿದ್ದಳು.

ಅದು ಉಳಿದದ್ದೇಕೆ ಅನ್ನುವುದು ನನಗೂ ಅವಳಿಗೂ ಮಾತ್ರ ಗೊತ್ತು. ಶಾಲಿನಿಗೆ ಹೇಳಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡೇ ಅವಳು ಕಣ್ಣು ಮುಚ್ಚಿದ್ದು.

"ಎಂತ ಮೇಷ್ಟ್ರೇ ಅದು?" ಹಮೀದ್ ಸಾಹೇಬರು ಬಗ್ಗಿದರು.

"ನೋವಿನ ಔಷಧ. ಫೆಂಟನಿಲ್ ಅಂತಾರೆ."

"ಯಾ ಅಲ್ಲಾ! ಮೆಲ್ಲ ಮಾತಾಡಿ ಮಾರಾಯ್ರೆ." ಅವರ ಮುಖದ ಬಣ್ಣವೇ ಬದಲಾಯಿತು. "ಅಮೆರಿಕದಲ್ಲಿ ಅದನ್ನು ಬಾಂಬಿನ ಸಾಲಿಗೆ ಸೇರಿಸಿದ್ದಾರೆ. ಟೀವಿ ನೋಡೋದಿಲ್ವಾ ನೀವು? ಕಳ್ಳದಾರಿಯಲ್ಲಿ ಮಾಡಿ ಮಾರ್ತಾರೆ, ಚಿಟಿಕೆ ಹೆಚ್ಚಾದ್ರೆ ಮನುಷ್ಯ ಸತ್ತ. ದೇಶದ ಭದ್ರತೆಗೇ ಅಪಾಯ ಅಂತ ಹೇಳಿ ಕಾನೂನು ಮಾಡ್ತಾ ಇದ್ದಾರೆ. ನಮ್ಮಲ್ಲಿ ದುಬೈಯಲ್ಲಂತೂ ಮೊದಲಿಂದಲೂ ಬಿಗಿ. ಡಾಕ್ಟರ ಚೀಟಿ ಉಂಟಾ? ಪರ್ಮಿಷನ್ ಉಂಟಾ?"

"ಏನೂ ಇಲ್ಲ."

"ಹಾಗಾದ್ರೆ ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಿ. ಖಲಾಸ್!"

ಎದ್ದು ಹೋದೆ. ಆ ಬೆಂಕಿಪೊಟ್ಟಣದಂಥ ಕೋಣೆಯಲ್ಲಿ ನಿಂತು ಪ್ಯಾಚನ್ನು ಕೈಯಲ್ಲಿ ಹಿಡಿದುಕೊಂಡೆ. ಇದನ್ನು ಬರೆಸಿಕೊಳ್ಳಲು ನಾನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದೆ. "ನಮ್ಮಲ್ಲಿ ಇಡಲ್ಲ ಸಾರ್, ಲೈಸೆನ್ಸ್ ಇಲ್ಲ" ಅಂತ ಎಷ್ಟು ಕೌಂಟರಿನಲ್ಲಿ ವಾಪಸು ಕಳಿಸಿದ್ದರು. ಕೊನೆಗೆ ಸಿಕ್ಕಾಗ, ಮೊದಲ ಪ್ಯಾಚ್ ಅಂಟಿಸಿದ ಮರುದಿನ ರುಕ್ಕು ಎದ್ದು ಕೂತು, "ರೀ, ಒಂದ್ ಲೋಟ ಕಾಫಿ ಕೊಡ್ತೀರಾ?" ಅಂದಿದ್ದಳು. ಲೋಕದಲ್ಲಿ ಇದು ಬಾಂಬೋ ಏನೋ. ನಮ್ಮ ಮನೆಯಲ್ಲಿ ಇದು ಆ ಕಾಫಿ. ನೀರು ಬಿಡಲು ಆಗಲಿಲ್ಲ. ಹಾಗೇ ವಾಪಸು ಬಂದು ಕೂತೆ.

"ಹಾಕಿದ್ರಾ?"

"ಇಲ್ಲ."

"ನಿಮಗೆ ತಲೆ ಸಮ ಉಂಟಾ ಮೇಷ್ಟ್ರೇ?" ಅಂದರು. ಆಮೇಲೆ ಅವರೇ ತಣ್ಣಗಾಗಿ, "ಆಯ್ತು, ಕೇಳಿ. ಕಸ್ಟಮ್ಸಿನಲ್ಲಿ ಹಸಿರು ದಾರಿಯಲ್ಲಿ ಹೋಗಲೇಬೇಡಿ, ಅದು ತೋರಿಸುವಂಥದ್ದು ಏನೂ ಇಲ್ಲದವರಿಗೆ. ಕೆಂಪು ದಾರಿಗೆ ಹೋಗಿ, ಅವರು ಹುಡುಕುವ ಮೊದಲು ನೀವೇ ತೆಗೆದು ಕೊಡಿ. ಸುಳ್ಳು ಮಾತ್ರ ಹೇಳ್ಬೇಡಿ. ಇಲ್ಲಿ ಸುಳ್ಳಿಗೆ ಮಾಫಿ ಇಲ್ಲ" ಅಂತ ಅಂಗಡಿಯ ಕಾರ್ಡು ಕೊಟ್ಟರು.

ಕೆಂಪು ದಾರಿ

ದುಬೈ ವಿಮಾನ ನಿಲ್ದಾಣದ ಸಾಲುಗಳನ್ನು ನೋಡಿ ಪಿ.ಟಿ. ಮೇಷ್ಟ್ರಾಗಿ ನನಗೆ ನಿಜಕ್ಕೂ ಸಂತೋಷವಾಯಿತು. ಯಾರೂ ಯಾರ ಹೆಗಲ ಮೇಲೂ ಉಸಿರು ಬಿಡುತ್ತಿರಲಿಲ್ಲ. ನಮ್ಮ ಸಯ್ಯಾಜಿರಾವ್ ರಸ್ತೆಯ ಬಸ್ ಸ್ಟಾಪಿನವರನ್ನು ಇಲ್ಲಿಗೆ ಒಂದು ವಾರ ಟ್ರೈನಿಂಗಿಗೆ ಕಳಿಸಬೇಕು ಅಂದುಕೊಂಡೆ. ಆದರೆ ಕೆಂಪು ದಾರಿಯಲ್ಲಿ ಸಾಲೇ ಇರಲಿಲ್ಲ. ನಾನೊಬ್ಬನೇ.

ಸಮವಸ್ತ್ರದ ಅಧಿಕಾರಿ ಚಿಕ್ಕ ವಯಸ್ಸಿನವನು, ನನ್ನ ಶಿಷ್ಯರ ಮಕ್ಕಳ ವಯಸ್ಸು. ನನ್ನ ಇಂಗ್ಲಿಷ್ ಪೂರ್ತಿ ಪೆರೇಡ್ ಇಂಗ್ಲಿಷ್. "ಹಾಲ್ಟ್", "ಡಿಸ್‌ಪರ್ಸ್" ಚೆನ್ನಾಗಿ ಬರುತ್ತದೆ, ಬೇರೆಯದಕ್ಕೆ ತಡವರಿಕೆ. ಪ್ಯಾಚನ್ನು ಮೇಜಿನ ಮೇಲಿಟ್ಟು, "ವೈಫ್. ಕ್ಯಾನ್ಸರ್. ನೋ ಮೋರ್" ಅಂದೆ. ಆತ ಪೊಟ್ಟಣದ ಮೇಲಿನ ಹೆಸರು ಓದಿ, ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿಕೊಂಡು ಹೋದ.

ಆ ಕೋಣೆಯ ಪದ್ಧತಿ ಒಂದಿದೆ. ಸಂಶಯದ ಮೇಲೆ ಕೂರಿಸಿದವನಿಗೂ ಖರ್ಜೂರ ಕೊಡುತ್ತಾರೆ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಡುತ್ತಾರೆ. ಕುಡಿದು ಇಟ್ಟೆ, ಮತ್ತೆ ತುಂಬಿದರು. ಬಿಟ್ಟರೆ ಮರ್ಯಾದೆಯಲ್ಲ ಅಂತ ಮತ್ತೆ ಕುಡಿದೆ, ಮತ್ತೆ ತುಂಬಿದರು. ನಮ್ಮ ಮದುವೆ ಮನೆಯಲ್ಲಾದರೆ ಎಲೆಗೆ ಕೈ ಅಡ್ಡ ಹಿಡಿಯಬಹುದು. ಇಲ್ಲಿ ಏನು ಮಾಡಬೇಕು? ಎದೆ ಮೊದಲೇ ಹೊಡೆದುಕೊಳ್ಳುತ್ತಿತ್ತು, ಆ ಕಾಫಿಗೆ ಇನ್ನೂ ಜೋರಾಯಿತು. ಕೊನೆಗೆ ತುಂಬುತ್ತಿದ್ದವರೇ ಕನಿಕರಪಟ್ಟು, ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದರು. ಹಾಗೆ ಅಲ್ಲಾಡಿಸಿದರೆ ಸಾಕು ಅಂತ ಅರ್ಥವಂತೆ.

ಇನ್ನೊಬ್ಬ ಅಧಿಕಾರಿ ಬಂದು ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಹರಡಿದರು. ಬಾಚಣಿಗೆಯಲ್ಲಿ ರುಕ್ಕುವಿನ ಕೂದಲು ಸಿಕ್ಕಿಕೊಂಡಿತ್ತು, ಅರ್ಧ ಬಿಳಿ, ಅರ್ಧ ಕರಿ. ಕೈಗವಸು ಹಾಕಿದ ಕೈ ಅದನ್ನು ಎತ್ತಿ ನೋಡಿ, ಕೂದಲು ಉದುರದಂತೆ ಹಾಗೇ ಕೆಳಗಿಟ್ಟಿತು. ನನಗೆ ಅಲ್ಲಿಯವರೆಗೆ ಹೆದರಿಕೆ ಮಾತ್ರ ಇತ್ತು. ಅದನ್ನು ಕಂಡಾಗ ಅಳು ಬಂತು.

ಪ್ಯಾಚ್ ಅವರಲ್ಲೇ ಉಳಿಯಿತು, ಪಾಸ್‌ಪೋರ್ಟ್ ಕೂಡ. ಮೈಸೂರಿನ ಡಾಕ್ಟರಿಂದ ಕಾಗದ ತರಿಸಿ, ಕರೆದಾಗ ಬಂದು ಉತ್ತರ ಕೊಡಿ, ಅಲ್ಲಿಯವರೆಗೆ ದೇಶ ಬಿಡುವಂತಿಲ್ಲ ಅಂದರು. ಹೊರಗೆ ಮಗಳು, ಅಳಿಯ ಕಾದೂ ಕಾದೂ ಕಂಗಾಲಾಗಿದ್ದರು.

ಖಲೀಫಾ ಸಿಟಿ

ಅಬುಧಾಬಿಯ ಅಂಚಿನ ಈ ಬಡಾವಣೆಯಲ್ಲಿ, ಮಣ್ಣಿನ ಬಣ್ಣದ ಗೋಡೆಗಳ ವಿಲ್ಲಾಗಳ ನಡುವೆ ಮಗಳ ಮನೆ. ದೊಡ್ಡ ವಿಲ್ಲಾವೊಂದನ್ನು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಇವರದು ಹಿಂಬದಿಯ ಭಾಗ. ಬೀದಿಯಲ್ಲಿ ನಾಯಿ ಬೊಗಳುವುದಿಲ್ಲ, ಸೊಪ್ಪಿನವಳು ಕೂಗುವುದಿಲ್ಲ. ಬೆಳಗ್ಗೆ ಎದ್ದರೆ ಕಿವಿ ಕೆಪ್ಪಾಯಿತೇನೋ ಅನಿಸುತ್ತಿತ್ತು.

ಅಳಿಯ ಪ್ರದೀಪ ಒಳ್ಳೆಯವನೇ, ಆದರೆ ಎರಡು ದಿನ ಅವನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. "ಮಾವ, ನಿಮ್ಮ ವೀಸಾಕ್ಕೆ ನಾನೇ ಸ್ಪಾನ್ಸರ್. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೆಲಸಕ್ಕೂ ಕುತ್ತು. ಒಂದ್ಸಲ ಚೀಲ ಕೊಡವಿ ನೋಡ್ಬಾರ್ದಿತ್ತಾ?" ಅಂದ. ನಾನೇನು ಹೇಳಲಿ? ಕೊಡವಿದ್ದರೆ ಅವಳ ವಾಸನೆಯೂ ಹೋಗುತ್ತಿತ್ತು ಅಂತಲೇ?

ಮೊಮ್ಮಗಳು ಇರಾ ಇನ್ನೂ ಎರಡು ತುಂಬದವಳು. ಬಾ ಪುಟ್ಟಿ ಅಂದರೆ "ನೋ." ಬಾಳೆಹಣ್ಣು ಅಂದರೆ "ನೋ." ಮೈಸೂರಿನಿಂದ ಹೊತ್ತು ತಂದ ಚನ್ನಪಟ್ಟಣದ ಗೊಂಬೆ ಅಂದರೂ "ನೋ." ಆ ಮೂಗು ಮಾತ್ರ ಥೇಟ್ ರುಕ್ಕುವಿನದು. ಅದನ್ನು ನೋಡುತ್ತ ಕೂತರೆ ಅವಳೂ ಇರಬೇಕಿತ್ತು, ಅವಳೂ ಇರಬೇಕಿತ್ತು ಅಂತ ಒಂದೇ ಮಾತು ಒಳಗೆ ಸುತ್ತುತ್ತಿತ್ತು.

ಶಾಲಿನಿ ಮಾತ್ರ ನನ್ನೊಂದಿಗೆ ಬಹಳ ಮರ್ಯಾದೆಯಿಂದ ಇದ್ದಳು. ಅದೇ ನನಗೆ ಸಹಿಸಲು ಆಗುತ್ತಿರಲಿಲ್ಲ. ಮೊದಲೆಲ್ಲ ಕಿರುಚಿ ಜಗಳವಾಡುತ್ತಿದ್ದ ಹುಡುಗಿ, ಈಗ "ಕಾಫಿ ಸಕ್ಕರೆ ಸರಿಯಿದೆಯಾ ಅಪ್ಪ?" ಅನ್ನುತ್ತಾಳೆ, ಒಳಗೆ ಹೋಗುತ್ತಾಳೆ. ಮೂರನೆಯ ಸಲ ಕೇಳಿದಾಗ ನನಗೆ ರೇಗಿತು.

"ನನ್ನೇನು ನೆಂಟನ ಥರ ನೋಡ್ತಿದ್ದೀಯಾ? ಏನಿದೆ ಬಾಯಿಬಿಟ್ಟು ಹೇಳು."

ಹೇಳಿದಳು. "ಇರಾ ನಾಮಕರಣದ ದಿನ ಅಮ್ಮ ಎಷ್ಟು ಚೆನ್ನಾಗಿದ್ರು ಅಪ್ಪ. ವಿಡಿಯೋದಲ್ಲಿ ಇಡೀ ಜೋಗುಳ ಹಾಡಿದ್ರು, ಒಂದ್ ಕಡೆನೂ ನಿಲ್ಲಿಸಲಿಲ್ಲ. ಆಮೇಲೆ ನೀವು ಫೋನ್ ಮಾಡಿ ಬೇಗ ಬಾ ಅಂದ್ರಿ. ಹೇಗೆ ನಂಬಲಿ? ಮಗುಗೆ ಪಾಸ್‌ಪೋರ್ಟೂ ಬಂದಿರಲಿಲ್ಲ. ಅಮ್ಮ ಗಟ್ಟಿಯಾಗಿದ್ದಾರೆ, ಅಪ್ಪನೇ ಗಾಬರಿ ಬಿದ್ದಿದ್ದಾರೆ ಅಂದ್ಕೊಂಡು ಕೂತೆ. ವಾರ ತಿರುಗೋದ್ರೊಳಗೆ ಹೋಗ್ಬಿಟ್ರು. ಗಟ್ಟಿಯಾಗಿದ್ದೋರು ಹೇಗೆ ಹೋದ್ರು? ಏನೋ ಆಯ್ತು, ನೀವು ನನಗೆ ಹೇಳ್ತಿಲ್ಲ."

ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ರುಕ್ಕುವಿಗೆ ಕೊಟ್ಟ ಮಾತು ಅದನ್ನು ತಡೆದು ನಿಲ್ಲಿಸಿತ್ತು. "ಏನೂ ಆಗಲಿಲ್ಲಮ್ಮ" ಅಂದೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ದೇರಾ, ದೋಣಿ, ಬರ್ ದುಬೈ

ಒಂದು ದಿನ ಪ್ರದೀಪ ದುಬೈಗೆ ಕೆಲಸದ ಮೇಲೆ ಹೊರಟಾಗ ನನ್ನನ್ನು ಹಮೀದ್ ಸಾಹೇಬರ ಅಂಗಡಿಯಲ್ಲಿ ಇಳಿಸಿದ. ಓಣಿಯ ಬಾಯಲ್ಲೇ ಮೆಣಸು, ಲವಂಗ, ಒಣನಿಂಬೆಯ ಘಾಟು. ದೇವರಾಜ ಮಾರ್ಕೆಟ್ಟಿನೊಳಗೆ ಕಾಲಿಟ್ಟ ಹಾಗೆ ಆಯಿತು, ಬೈಯುವವರು ಮಾತ್ರ ಇಲ್ಲ. ಸಾಹೇಬರು ನನ್ನನ್ನು ಅಂಗಡಿಯಲ್ಲಿ ಕೂರಗೊಡದೆ, "ಯಲ್ಲಾ, ದೋಣಿ ತೋರಿಸ್ತೇನೆ ಬನ್ನಿ" ಅಂತ ಎಳೆದುಕೊಂಡು ಹೋದರು.

ಸಮುದ್ರ ಊರೊಳಗೆ ಚಾಚಿಕೊಂಡ ಖಾರಿಯ ಈ ದಡದಿಂದ ಬರ್ ದುಬೈ ದಡಕ್ಕೆ ಹೋಗುವ ಅಬ್ರಾ ಅನ್ನುವ ದೋಣಿಗೆ ಬದಿಯಲ್ಲಿ ಗೋಡೆಯಿಲ್ಲ. ನಡುವೆ ಒಂದು ಹಲಗೆ, ಅದರ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಕೂರಬೇಕು. ಯಾವ ದೇಶದವರ ಬೆನ್ನಿಗೋ ನಮ್ಮ ಬೆನ್ನು. ಅವರು ನಕ್ಕರೆ ನಮ್ಮ ಮೈ ಅಲ್ಲಾಡುತ್ತದೆ. ರುಕ್ಕು ಇದ್ದಿದ್ದರೆ ಸೆರಗು ಬಿಗಿಹಿಡಿದು, "ಬಿದ್ರೆ ನೀವೇ ಹಾರ್ಬೇಕು, ಡ್ರಿಲ್ ಮೇಷ್ಟ್ರು ನೀವೇ ಅಲ್ವಾ?" ಅನ್ನುತ್ತಿದ್ದಳು. ನೀರು ನೋಡುತ್ತ ನನಗೆ ತಡೆಯಲಾಗಲಿಲ್ಲ. ಸಾಹೇಬರಿಗೆ ಎಲ್ಲ ಹೇಳಿಬಿಟ್ಟೆ.

ನಮ್ಮಲ್ಲಿ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ನಿಮಗೆ ಗೊತ್ತಲ್ಲ. ಅಬುಧಾಬಿಯಲ್ಲಿ ತೊಟ್ಟಿಲು, ಮೈಸೂರಿನಲ್ಲಿ ಅಜ್ಜಿ. ಶಾಲಿನಿ ಫೋನನ್ನೇ ಮಗುವಿನ ಕಿವಿಗೆ ಹಿಡಿಯುತ್ತೇನೆ ಅಂದಿದ್ದಳು. ಪ್ಯಾಚ್ ಇದ್ದಾಗ ರುಕ್ಕುವಿಗೆ ನೋವು ಗೊತ್ತಾಗುತ್ತಿರಲಿಲ್ಲ ನಿಜ. ಆದರೆ ನಾಲಿಗೆ ದಪ್ಪವಾಗುತ್ತಿತ್ತು, ಅರ್ಧ ಮಾತಿಗೇ ಮಂಪರು ಕವಿಯುತ್ತಿತ್ತು. ಹಳೆಯದು ತೆಗೆದು ಹೊಸದು ಹಾಕುವ ದಿನ ಬಂತು. ಹಳೆಯದು ತೆಗೆಸಿಕೊಂಡಳು. ಹೊಸದನ್ನು ನನ್ನ ಕೈಯಿಂದ ಕಿತ್ತುಕೊಂಡು, "ನಾಮಕರಣ ಮುಗೀಲಿ ರೀ. ಮೊದಲನೇ ಸಲ ಮಗು ಹೆಸರು ತೊದಲಿಕೊಂಡು ಹೇಳ್ಲಾ?" ಅಂದಳು. ಬೈದೆ, ಬೇಡಿಕೊಂಡೆ. ಡಾಕ್ಟರಿಗೆ ಫೋನ್ ಮಾಡುತ್ತೇನೆ ಅಂದರೆ ಮುಖ ತಿರುಗಿಸಿದಳು. ಮಾರನೆಯ ದಿನ ಮೈಯಲ್ಲಿ ಉಳಿದಿದ್ದ ಔಷಧ ಇಳಿದು ನೋವು ಪೂರ್ತಿ ಹತ್ತಿದ ಮೇಲೇ ಅವಳು ಜರಿಸೀರೆ ಉಟ್ಟು, ಹಣೆಗಿಟ್ಟುಕೊಂಡು, ಫೋನಿನ ಮುಂದೆ ನಕ್ಕಿದ್ದು. ಸಂಜೆ ನಾನು ಬೇರೆ ಪೊಟ್ಟಣ ಒಡೆದು ಅಂಟಿಸಿದೆ, ಅವಳು ಕಿತ್ತುಕೊಂಡದ್ದು ಈ ಚೀಲದಲ್ಲೇ ಉಳಿದಿತ್ತು.

ಬರ್ ದುಬೈ ದಡದಲ್ಲಿ ಬಟ್ಟೆಯಂಗಡಿಗಳ ಮುಂದೆ ನಿಂತಾಗ ಸಾಹೇಬರು, "ಆಫೀಸರು ಕೇಳಿದ್ರೆ ಎಂತ ಹೇಳ್ತೀರಿ?" ಅಂದರು.

"ಭಾಷೆಗೆ ಮಗಳೇ ಜೊತೆಗೆ ಬರ್ತಾಳಂತೆ. ಅವಳ ಎದುರಿಗೆ ಹೇಗೆ ಹೇಳಲಿ? ಮಾತು ಕೊಟ್ಟಿದ್ದೇನೆ."

"ಮರೆತುಹೋಗಿತ್ತು ಅಂತ ಒಂದು ಸುಳ್ಳು ಹೇಳಿ ತಪ್ಪಿಸ್ಕೊಳ್ತೀರಾ? ನಿಮಗೆ ಆಗೋದಿಲ್ಲ. ನಿಮ್ಮ ಮುಖವೇ ಹೇಳ್ತದೆ" ಅಂದು ಅವರು ನನ್ನ ತೋಳು ಹಿಡಿದು ರಸ್ತೆ ದಾಟಿಸಿದರು.

ಮತ್ತೆ ಅದೇ ಕೋಣೆ

ಕರೆ ಬಂತು. ಭಾಷೆಗೆ ಅಲ್ಲಿಯವರೇ ಒಬ್ಬರನ್ನು ಕೊಡುತ್ತೇವೆ ಅಂದರೂ ಶಾಲಿನಿ ಬಿಡಲಿಲ್ಲ, ನಾನೇ ಹೇಳುತ್ತೇನೆ ಅಂತ ನನ್ನ ಪಕ್ಕ ಕೂತಳು. ಅದೇ ಗೋಡೆ, ಅದೇ ಖರ್ಜೂರ. ಈ ಸಲ ಮೊದಲ ಬಟ್ಟಲಿಗೇ ಅಲ್ಲಾಡಿಸಿದೆ. ಕಾಫಿಯವರು ನಕ್ಕರು.

ಡಾಕ್ಟರ ಕಾಗದ ಓದಿ ಅವತ್ತಿನ ಆ ಹುಡುಗ ಅಧಿಕಾರಿ ಒಂದೊಂದೇ ಕೇಳುತ್ತ ಹೋದ. ಯಾರ ಹೆಸರಿಗೆ, ಯಾವ ಕಾಯಿಲೆಗೆ, ಚೀಲ ಯಾರದು. ಆಮೇಲೆ ಪ್ಯಾಚಿನ ಪೊಟ್ಟಣವನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಮೇಜಿನ ಮೇಲಿಟ್ಟು ಏನೋ ಅಂದ.

"ಅಮ್ಮನಿಗೆ ಅಷ್ಟು ಅಗತ್ಯ ಇತ್ತು ಅಂತಾರೆ ಡಾಕ್ಟ್ರು. ಹಾಗಿದ್ರೆ ಇದೊಂದು ಯಾಕೆ ಉಳೀತು, ಯಾರಿಗಾದ್ರೂ ಕೊಡೋಕೆ ಇಟ್ಕೊಂಡಿದ್ರಾ ಅಂತ ಕೇಳ್ತಿದ್ದಾರೆ ಅಪ್ಪ" ಅಂದಳು ಶಾಲಿನಿ.

ನಾನು ಗೋಡೆ ನೋಡಿದೆ. ಮರೆತುಹೋಗಿತ್ತು ಅನ್ನಲು ಬಾಯಿ ತೆರೆದೆ. ಆ ಹುಡುಗನ ಹಿಂದೆ ಒಂದು ದೇಶವೇ ನಿಂತಿತ್ತು, ಈ ಪೊಟ್ಟಣದಂಥದ್ದರಿಂದ ಮನೆಗಳು ಹಾಳಾದದ್ದನ್ನು ಕಂಡ ದೇಶ. ಅವನು ಕೇಳುವುದರಲ್ಲಿ ತಪ್ಪಿರಲಿಲ್ಲ. ನನ್ನ ಪಕ್ಕದಲ್ಲಿ ನನ್ನ ಮಗಳಿದ್ದಳು. ರುಕ್ಕು, ನನ್ನನ್ನು ಬಯ್ಯಬೇಡ ಕಣೆ, ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ನಾಮಕರಣದ ಹಿಂದಿನ ದಿನ ಹಾಕಬೇಕಾಗಿದ್ದದ್ದು ಇದು. ನಿನ್ನ ಅಮ್ಮ ಹಾಕಿಸಿಕೊಳ್ಳಲಿಲ್ಲ. ಹಾಕಿಕೊಂಡರೆ ನಾಲಿಗೆ ತೊದಲುತ್ತೆ, ನಿದ್ದೆ ಬರುತ್ತೆ ಅಂತ. ಇರಾ ಕಿವಿಗೆ ಹೆಸರು ಸರಿಯಾಗಿ ಹೇಳಬೇಕು, ಜೋಗುಳ ಪೂರ್ತಿ ಹಾಡಬೇಕು ಅಂತ. ಅವತ್ತು ಅವಳು ಗಟ್ಟಿಯಾಗಿರಲಿಲ್ಲಮ್ಮ. ನೋವಿನಲ್ಲೇ ಕೂತಿದ್ದಳು. ನಿನಗೆ ಹೇಳಬೇಡಿ ಅಂದಿದ್ದಳು."

ಶಾಲಿನಿ ಅನುವಾದ ಮಾಡಲಿಲ್ಲ. ಅಧಿಕಾರಿ ಕಾದ. ಅವಳು ಆ ಪೊಟ್ಟಣವನ್ನೇ ನೋಡುತ್ತಿದ್ದಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳತೊಡಗಿದಳು, ಒಂದು ವಾಕ್ಯ ಹೇಳಿ ನಿಲ್ಲಿಸಿ, ಇನ್ನೊಂದು ಹೇಳಿ ನಿಲ್ಲಿಸಿ. ಮಗುವಿನ ಕಿವಿ ಅನ್ನುವಲ್ಲಿ ತನ್ನ ಕಿವಿ ಮುಟ್ಟಿ ತೋರಿಸಿದಳು. ಆತ ಬರೆಯುವುದನ್ನು ನಿಲ್ಲಿಸಿದ್ದ.

ಒಳಗೆ ಹೋಗಿ ಮೇಲಿನವರೊಂದಿಗೆ ಮಾತಾಡಿ ಬಂದು ಪಾಸ್‌ಪೋರ್ಟನ್ನು ನನ್ನ ಕೈಗೇ ಕೊಟ್ಟ. ನೀವೇ ತಂದು ತೋರಿಸಿದ್ದರಿಂದ ಇಷ್ಟಕ್ಕೆ ಮುಗಿಯಿತು, ಇದನ್ನು ನಾಶ ಮಾಡುತ್ತೇವೆ, ಇನ್ನು ಮುಂದೆ ಕೇಳದೆ ಯಾವ ಔಷಧವನ್ನೂ ತರಬೇಡಿ ಅಂದ. ಹೊರಡುವಾಗ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡ. ನಾನು ಅಭ್ಯಾಸಬಲದಿಂದ ಅಟೆನ್ಷನ್ನಿಗೆ ಬಂದು ಸೆಲ್ಯೂಟ್ ಹೊಡೆದೆ.

ಖಲೀಫಾ ಸಿಟಿ, ಮಧ್ಯಾಹ್ನ

ದುಬೈಯಿಂದ ಅಬುಧಾಬಿಗೆ ನೇರ ರಸ್ತೆ, ಎರಡೂ ಕಡೆ ಮರಳು. ಶಾಲಿನಿಯೇ ಕಾರು ಓಡಿಸುತ್ತಿದ್ದಳು. ಬೈಯಲಿ, ಕಿರುಚಲಿ ಅಂತ ಕಾದೆ. ಊರು ಹತ್ತಿರ ಬಂದಾಗ ಕೇಳಿದಳು.

"ತುಂಬಾ ನೋವಿತ್ತಾ ಅಪ್ಪ?"

"ಇತ್ತು."

"ಹಾಡುವಾಗ್ಲೂ?"

"ಹಾಡುವಾಗ ಹೆಚ್ಚು. ಫೋನಿಗೆ ಕಾಣದ ಹಾಗೆ ನನ್ನ ಕೈ ಹಿಡ್ಕೊಂಡಿದ್ಲು. ಇಲ್ಲಿ, ಹೆಬ್ಬೆರಳ ಕೆಳಗೆ. ಉಗುರಿನ ಗುರುತು ಎಷ್ಟೋ ದಿನ ಇತ್ತು."

"ನಾನು ಬರ್ಬೇಕಿತ್ತು ಅಪ್ಪ. ನೀವು ಕರೆದಾಗಲೇ ಬರ್ಬೇಕಿತ್ತು." ಈಗ ಕಿರುಚಿದಳು. "ನಾನು ಅವರನ್ನ ನೋಡಿ ಖುಷಿಪಟ್ಟೆ! ಚೆನ್ನಾಗಿದ್ದಾರೆ ಅಂತ ಖುಷಿಪಟ್ಟೆ!"

"ನೀನು ಖುಷಿಪಡಲಿ ಅಂತಲೇ ಕಣಮ್ಮ ಅವಳು ಹಾಡಿದ್ದು" ಅಂದೆ.

ಮನೆಗೆ ಬಂದಾಗ ಇರಾ ನಿದ್ದೆ ಬಂದು ಹಟ ಮಾಡುತ್ತಿದ್ದಳು. ಪ್ರದೀಪನ ಕೈಯಿಂದ ಅವಳನ್ನು ಎತ್ತಿಕೊಂಡ ಶಾಲಿನಿ ಸೋಫಾದ ಮೇಲೆ ನನ್ನ ಪಕ್ಕಕ್ಕೆ ಬಂದು, ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿದಳು. "ನೋ" ಅಂದಳು ಇರಾ. ಶಾಲಿನಿ ಜೋಗುಳ ಶುರು ಮಾಡಿದಳು, ರುಕ್ಕುವಿನ ಅಜ್ಜಿಯಿಂದ ನಮ್ಮ ಮನೆಗೆ ಬಂದ ಅದೇ ಜೋಗುಳ. ಅಮ್ಮ ಹೋದಾಗಿನಿಂದ ಅವಳು ಅದನ್ನು ಹಾಡಿರಲಿಲ್ಲವಂತೆ, ಪ್ರದೀಪ ಆಮೇಲೆ ಹೇಳಿದ.

ಮೊದಲ ಸಾಲಿಗೇ ಹಾಡು ನಿಂತಿತು. ಕೈ ಚಾಚಿ ನನ್ನ ಕೈ ಹುಡುಕಿದಳು. ಹೆಬ್ಬೆರಳ ಕೆಳಗೆ, ನಾನು ತೋರಿಸಿದ ಜಾಗದಲ್ಲೇ ಹಿಡಿದು, ಉಗುರು ಊರಿ, ಮತ್ತೆ ಮೊದಲಿನಿಂದ ಶುರು ಮಾಡಿದಳು. ಎಲ್ಲೂ ನಿಲ್ಲಿಸಲಿಲ್ಲ. ಮಗು ಮಲಗಿತು. ನೋಯುತ್ತಿತ್ತು, ನಾನು ಕೈ ಬಿಡಿಸಿಕೊಳ್ಳಲಿಲ್ಲ.